ಇಳಿಜಾರಿನ ಪಾಠ

ಮಣ್ಣಿ ಗೇರ್ ಪೆಟ್ಟಿಗೆಯಿಂದ ಇಳಿಸಿದ ಎಣ್ಣೆಯನ್ನು ಹಳೇ ಪಂಚೆಯ ತುಂಡಿನಲ್ಲಿ ಸೋಸುತ್ತಿದ್ದಳು. ಎಣ್ಣೆ ತಾನಾಗಿ ಇಳಿಯಬೇಕು, ಹಿಂಡಬಾರದು. ಎಲ್ಲ ಇಳಿದ ಮೇಲೆ ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಅದರ ಅಡಿಯಲ್ಲಿ ಅಯಸ್ಕಾಂತದ ತುಂಡನ್ನು ಆಡಿಸಿದಳು. ಒಳಗೆ ಹಲ್ಲು ಸವೆದಿದ್ದರೆ ಕಬ್ಬಿಣದ ಪುಡಿ ಬಟ್ಟೆಯ ಮೇಲೆ ರೋಮದ ಹಾಗೆ ಎದ್ದು ನಿಲ್ಲುತ್ತದೆ. ಏನೂ ಏಳಲಿಲ್ಲ. ಎಣ್ಣೆಯನ್ನು ಎರಡು ಬೆರಳಲ್ಲಿ ತಿಕ್ಕಿ ಮೂಸಿದಳು. ಸುಟ್ಟ ವಾಸನೆಯಿರಲಿಲ್ಲ. ಡಬ್ಬಿಯಿಂದ ಈಗಷ್ಟೆ ಸುರಿದ ಹಾಗೆ ಕೆಂಪಗಿತ್ತು.

ಆಮೇಲೆ ವ್ಯಾನಿನ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಬ್ರೇಕ್ ಪ್ಯಾಡನ್ನು ಬಿಚ್ಚಿ ನೋಡಿದಳು. ಉಗುರಿನಷ್ಟೂ ದಪ್ಪ ಉಳಿದಿರಲಿಲ್ಲ. ಅದು ಉಜ್ಜುವ ಬಿಲ್ಲೆ ಕಾದು ಕಾದು ನೀಲಿಗಟ್ಟಿತ್ತು.

ಈ ವಾರದಲ್ಲಿ ಹೀಗೆ ಬಂದ ನಾಲ್ಕನೆಯ ಬಂಡಿ ಅದು. ನಾಲ್ಕರದೂ ಒಂದೇ ದೂರು: ಬೆಟ್ಟ ಇಳಿದು ಬುಡದಲ್ಲಿ ಆಕ್ಸಿಲರೇಟರ್ ಒತ್ತಿದಾಗ ಅರೆಗಳಿಗೆ ಬಂಡಿ ಕೇಳುವುದಿಲ್ಲ, ಆಮೇಲೆ ಧಡ್ ಎಂದು ಗೇರು ಬೀಳುತ್ತದೆ. ಉಳಿದಂತೆ ಏನೂ ಇಲ್ಲ.

ಕೊಳ್ಳೇಗಾಲದ ಆಚೆ, ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಇನಾಯತ್ ಸಾಬರ ಶೆಡ್ಡು. ಗೇರ್ ಪೆಟ್ಟಿಗೆಯೇ ಅವರ ಮುಖ್ಯ ಕೆಲಸ. ಮಣ್ಣಿಯ ಪೂರ್ತಿ ಹೆಸರು ರತ್ನಮ್ಮಣ್ಣಿ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಮಾತು ಬರುತ್ತಿರಲಿಲ್ಲ. ಆ ವರ್ಷವೇ ಶಾಲೆ ಬಿಟ್ಟಳು. ಶೆಡ್ಡಿಗೆ ಬಂದು ಆರು ವರ್ಷ. ಇಲ್ಲಿ ಬಾಯಿಗಿಂತ ಕಿವಿಗೆ, ಮೂಗಿಗೆ ಕೆಲಸ ಹೆಚ್ಚು. ಹಾಗಾಗಿ ಉಳಿದುಕೊಂಡಿದ್ದಳು.

"ಡಾಕ್ಟ್ರಮ್ಮ ಏನಂತಾಳೆ?" ಸಾಬರು ಒಳಗಿನಿಂದ ಕೂಗಿದರು.

ಡಾಕ್ಟ್ರಮ್ಮ ಎಂದರೆ ತಪಾಸಣೆಯ ಯಂತ್ರ. ಬಂಡಿಗಳಲ್ಲಿ ಗೇರು ತಾನಾಗಿ ಬದಲಾಗುವ ಹಾಗೆ ಮಾಡಿದ ಕಂಪನಿಯವರು ಕೊಟ್ಟದ್ದು. ಬಂಡಿಯ ತಂತಿಗೆ ಸಿಕ್ಕಿಸಿದರೆ ಒಂದು ನಿಮಿಷದಲ್ಲಿ ಹೆಂಗಸಿನ ದನಿಯಲ್ಲಿ ರೋಗ ಹೇಳುತ್ತಿತ್ತು.

"ದೋಷ ಇಲ್ಲ ಅಂತಾಳೆ."

"ನೀನೇನಂತೀಯ?"

ಮಣ್ಣಿಗೆ ಹೇಳುವುದಿತ್ತು. ಇಳಿಜಾರಿನಲ್ಲಿ ಬಂಡಿಯನ್ನು ಹಿಡಿದು ನಿಧಾನ ಮಾಡಬೇಕಾದದ್ದು ಮೊದಲು ಗೇರು, ಆಮೇಲೆ ಬ್ರೇಕು. ಗೇರು ಇಷ್ಟು ಆರೋಗ್ಯವಾಗಿ, ಬ್ರೇಕು ಇಷ್ಟು ಸತ್ತು ಹೋಗಿದ್ದರೆ ಆ ಗೇರು ಇಳಿಜಾರಿನಲ್ಲಿ ಎಲ್ಲಿತ್ತು? ಆದರೆ ಅಷ್ಟುದ್ದದ ಮಾತು ಅವಳ ಬಾಯಿಂದ ಯಾವತ್ತೂ ಬಂದದ್ದಲ್ಲ.

"ಪ್ಯಾಡು ಹೋಗ್ಬುಟ್ಟದೆ," ಎಂದಳು.

"ಅದು ಡ್ರೈವರ್ ಕಾಲಿನ ಕಾಯಿಲೆ ಮಗಾ, ಗೇರಿಂದಲ್ಲ. ನಿಮ್ಮಕ್ಕಂಗೆ ಹೇಳು, ಬ್ರೇಕ್ ಮೇಲೆ ಕಾಲಿಟ್ಕೊಂಡು ನಿದ್ದೆ ಮಾಡ್ಬೇಡ ಅಂತ. ಹೊಸ ಸೆಟ್ಟು ಬರೋಕೆ ಮೂರು ದಿನ. ಅಮಾಸೆ ಕಳೀಲಿ, ಹಾಕೋಣ."

ಆ ವ್ಯಾನು ಮಣ್ಣಿಯ ಅಕ್ಕ ಸಾಕಮ್ಮನದು. ಮಹಿಳಾ ಸಂಘದ ವ್ಯಾನು, ಓಡಿಸುವವಳು ಅವಳು. ಮಣ್ಣಿ ಹಳೇ ಪ್ಯಾಡನ್ನೇ ವಾಪಸು ಕೂರಿಸಿದಳು.

*

"ಗೇರು ಬೆಣ್ಣೆ ಕನೆ, ಬೆಣ್ಣೆ!" ಎಂದಳು ಸಾಕಮ್ಮ. ಸಂಜೆ ಮನೆಯಲ್ಲಿ ಅವಳು ಹುರುಳಿಕಾಳಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. "ಒಂದ್ ಜಗ್ಗು ಇಲ್ಲ, ಒಂದ್ ಕುಲುಕು ಇಲ್ಲ. ಹೋದ ವಾರ ಬಾಣಂತಿ ಒಬ್ಳು ಕೂಸು ಮಲಗಿಸ್ಕಂಡು ಬೆಟ್ಟ ಇಳಿದ್ಲು, ಕೂಸು ಕಣ್ಣು ಬುಡ್ನಿಲ್ಲ. ನಿಮ್ ಸಾಬ್ರು ಏನಂತಾರೆ?"

"ಬ್ರೇಕ್ ಮೇಲೆ ಕಾಲಿಟ್ಕಬೇಡ ಅಂತಾರೆ."

"ನಾನಾ? ಅವ್ರ ಕೈಯಿಂದ್ಲೇ ಮೂರು ಸಲ ಬಹುಮಾನ ಇಸ್ಕಂಡೋಳು ನಾನು!" ಅವಳು ಒಲೆಯ ಮೇಲಿದ್ದ ಕುಕ್ಕರಿನ ಮುಚ್ಚಳಕ್ಕೆ ಸೌಟಿನಿಂದ ಟಣ್ ಎನ್ನಿಸಿದಳು. ಬಾಡಿಗೆ ಬಂಡಿಯವರ ಸಂಘದಲ್ಲಿ ಪ್ರತಿ ಆಯುಧಪೂಜೆಗೆ ಅತಿ ಕಡಿಮೆ ಡೀಸೆಲ್ ಎಣ್ಣೆಯಲ್ಲಿ ಓಡಿಸಿದವರಿಗೆ ಒಂದು ಕುಕ್ಕರ್ ಕೊಡುತ್ತಿದ್ದರು. ಮೂರರಲ್ಲಿ ಎರಡನ್ನು ಸಾಕಮ್ಮ ನಾದಿನಿಯರಿಗೆ ಕೊಟ್ಟಿದ್ದಳು.

ಮಣ್ಣಿ ತಟ್ಟೆ ಹಾಕಿದಳು. ಅವ್ವ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಆಗಿನಿಂದ ತಲೆ ಬಾಚಿದವಳು, ಜ್ವರ ಬಂದರೆ ಎದ್ದು ಕೂತವಳು ಈ ಅಕ್ಕನೇ.

"ಅಕ್ಕಾ, ನಾಳೆ ನಾನೂ ಬತ್ತೀನಿ ಬೆಟ್ಟಕ್ಕೆ."

"ದೇವ್ರ ನೋಡಕ್ಕಾ, ಗೇರ್ ನೋಡಕ್ಕಾ?"

ಮಣ್ಣಿ ನಗಲಿಲ್ಲ. ಸಾಕಮ್ಮ ಒಂದು ಗಳಿಗೆ ಅವಳ ಮುಖ ನೋಡಿ, ಹೆಚ್ಚು ಕೇಳದೆ ಮುದ್ದೆ ಬಡಿಸಿದಳು.

*

ಮರುದಿನ ಮಣ್ಣಿ ಮುಂದಿನ ಎರಡು ಸೀಟುಗಳ ನಡುವೆ, ನೆಲದ ಮೇಲೆ ಕೂತಳು. ಅಲ್ಲಿ ಗೇರ್ ಪೆಟ್ಟಿಗೆಯ ಉಬ್ಬು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆ ಉಬ್ಬಿಗೆ ಒತ್ತಿ, ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿಕೊಂಡಳು. ಡಾಕ್ಟ್ರಮ್ಮ ಬರುವ ಮುಂಚೆ ಶೆಡ್ಡಿನಲ್ಲಿ ಎಲ್ಲರೂ ಹೀಗೇ ಕೇಳುತ್ತಿದ್ದರು. ಗೇರಿನ ಹಲ್ಲುಗಳು ಹಲ್ಲುಗಳ ಮೇಲೆ ಉರುಳುವ ಗುಂಯ್‌ಗುಡುವಿಕೆ ನೇರ ತಲೆಬುರುಡೆಗೆ ಬರುತ್ತದೆ.

"ಏನವ್ವ ಹೆಣ್ಣೆ, ಬಂಡಿಗೆ ನಾಡಿ ನೋಡೀಯಾ?" ಹಿಂದಿನ ಸೀಟಿನ ಮುದುಕಿ ಕೇಳಿದಳು. "ನನ್ ಮಂಡೀಗೂ ಒಸಿ ಇಟ್ನೋಡು. ಕಟಕಟ ಅಂತದೆ."

ವ್ಯಾನಿನ ತುಂಬ ನಗು. ಮಣ್ಣಿ ಕೆಂಪಾಗಿ ತಲೆ ತಗ್ಗಿಸಿದಳು.

ಹತ್ತುವಾಗ ಎಲ್ಲ ಸರಿಯಿತ್ತು. ಗೇರು ಬದಲಾದದ್ದು ಸದ್ದಿನಲ್ಲಿ ಮಾತ್ರ ತಿಳಿಯುತ್ತಿತ್ತು, ಮೈಗೆ ತಿಳಿಯುತ್ತಿರಲಿಲ್ಲ. ಅಕ್ಕ ಹೇಳಿದ ಹಾಗೆ ಬೆಣ್ಣೆಯೇ.

ಇಳಿಯುವಾಗ, ಎರಡನೇ ತಿರುವು ದಾಟಿದ ಮೇಲೆ, ಸದ್ದು ನಿಂತಿತು.

ತಗ್ಗಲಿಲ್ಲ, ಬದಲಾಗಲಿಲ್ಲ, ನಿಂತಿತು. ತುಂಬಿದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತು ನಿಲ್ಲಿಸಿದ ಹಾಗೆ. ಮಣ್ಣಿ ತಲೆಯೆತ್ತಿ ಅಕ್ಕನ ಕೈ ನೋಡಿದಳು. ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು. ಗೇರಿನ ಕೋಲು ಇದ್ದಲ್ಲೇ ಇತ್ತು. ಫಲಕದ ಮೇಲೆ, ಗೇರು ಓಟದಲ್ಲಿದೆ ಎನ್ನುವ 'ಡಿ' ಎಂಬ ಹಸಿರು ಅಕ್ಷರವೂ ಹಾಗೇ ಇತ್ತು. ಇಂಜಿನ್ ಮಾತ್ರ ನಿಂತ ಬಂಡಿಯಲ್ಲಿ ತೂಕಡಿಸುವ ಹಾಗೆ ಮೆಲ್ಲಗೆ ಪುಟುಗುಟ್ಟುತ್ತಿತ್ತು. ಬಂಡಿಯ ವೇಗ ಮೂವತ್ತರಿಂದ ಮೂವತ್ತೆಂಟಾಯಿತು, ನಲವತ್ತಮೂರಾಯಿತು.

"ಅಕ್ಕಾ, ಎರಡಕ್ಕೆ ಹಾಕು."

ಸಾಕಮ್ಮ ಕೋಲು ಎಳೆದಳು. ಫಲಕದಲ್ಲಿ 'ಡಿ' ಹೋಗಿ '2' ಬಂತು. ಬಂಡಿಗೆ ಏನೂ ಆಗಲಿಲ್ಲ. ಸ್ಕ್ರೂಡ್ರೈವರಿನಲ್ಲಿ ಅದೇ ಖಾಲಿ. ಸಾಕಮ್ಮನ ಕಾಲು ಬ್ರೇಕಿನ ಮೇಲೆ ಗಟ್ಟಿಯಾಗಿ ಊರಿತು. ಕಿಟಕಿಯಿಂದ ಸುಟ್ಟ ವಾಸನೆ ಬಂತು. ಹಿಂದಿನವರು ಬೆಟ್ಟದ ಕಡೆ ಕೈಮುಗಿಯುತ್ತಿದ್ದರು, ಯಾರೂ ಗಮನಿಸಲಿಲ್ಲ.

ಮುಂದಿನ ತಿರುವಿನ ಆಚೆ ರಸ್ತೆ ಸ್ವಲ್ಪ ಸಮತಟ್ಟಾಗುತ್ತದೆ. ಅಲ್ಲಿ ವೇಗ ಇಳಿದು, ಧಡ್ ಎಂದು ಗೇರು ಬಿದ್ದು, ಗುಂಯ್ ಎಂಬ ಸದ್ದು ಮತ್ತೆ ತಲೆ ತುಂಬಿತು.

"ಒಸಿ ಜೋರಾಗ್ ಬುಟ್ಬುಟ್ಟೆ," ಎಂದಳು ಸಾಕಮ್ಮ. ಸೆರಗಿನಿಂದ ಮೇಲ್ದುಟಿ ಒರೆಸಿಕೊಂಡಳು.

"ಗೇರ್ ಇರ್ನಿಲ್ಲ ಅಕ್ಕಾ."

"ಬೋರ್ಡಲ್ಲಿ ಇತ್ತಲ್ಲೆ."

"ಬೋರ್ಡಲ್ಲಿತ್ತು. ಒಳಗಿರ್ನಿಲ್ಲ."

"ಹಂಗಾರೆ ಡಾಕ್ಟ್ರಮ್ಮ ಯಾಕೆ ಹೇಳ್ನಿಲ್ಲ?" ಎಂದಳು ಅಕ್ಕ.

ಸಂಜೆ ಶೆಡ್ಡಿನಲ್ಲಿ ಮತ್ತೊಮ್ಮೆ ಯಂತ್ರ ಸಿಕ್ಕಿಸಿ ನೋಡಿದರು. ಆ ಹೆಂಗಸಿನ ದನಿ ಸಮಾಧಾನವಾಗಿ "ದೋಷ ಕಂಡುಬಂದಿಲ್ಲ" ಎಂದಿತು. "ನೋಡ್ದಾ?" ಎಂದಳು ಸಾಕಮ್ಮ. ಮಾರನೆಯ ದಿನ ಅಮಾವಾಸ್ಯೆ. ಎರಡು ಟ್ರಿಪ್ಪಿಗೆ ಜನ ಹೇಳಿಯಾಗಿತ್ತು.

"ನಾಳೆ ಹೋಗ್ಬೇಡ ಅಕ್ಕಾ."

"ಯಾಕೆ, ಏನಾಗದೆ ಬಂಡೀಗೆ? ಅದ್ ಹೇಳು, ಹೋಗಕಿಲ್ಲ."

ಮಣ್ಣಿಗೆ ಹೆದರಿಕೆಯಿತ್ತು, ಆದರೆ ಅದಕ್ಕೊಂದು ಹೆಸರು ಇಡಲು ಬರಲಿಲ್ಲ.

*

ಅಮಾವಾಸ್ಯೆಯ ಬೆಳಿಗ್ಗೆ ಇನಾಯತ್ ಸಾಬರು ಶೆಡ್ಡಿಗೆ ಬಂದಾಗ ಕೆಲಸದ ಮೇಜಿನ ಮೇಲೆ ನಾಲ್ಕು ಬಂಡಿಗಳ ಲೆಕ್ಕದಲ್ಲಿ ನಾಲ್ಕು ಜೋಡಿ ಸಾಲಾಗಿದ್ದವು. ಸೋಸಿದ ಬಟ್ಟೆ, ಅದರ ಮಗ್ಗುಲಿಗೆ ಬ್ರೇಕ್ ಪ್ಯಾಡು. ನಾಲ್ಕು ಬಟ್ಟೆಯೂ ಶುಭ್ರ. ಉಳಿದ ಬಂಡಿಗಳಿಂದ ಬಿಚ್ಚಿದ್ದ ಮೂರು ಹಳೇ ಪ್ಯಾಡು ಕರಿಕಲು. ನಾಲ್ಕನೆಯ ಪ್ಯಾಡಿನ ಜಾಗದಲ್ಲಿ ಏನೂ ಇರಲಿಲ್ಲ. ಅದು ಆಗ ಅಕ್ಕನ ವ್ಯಾನಿನ ಜೊತೆ ಬೆಟ್ಟ ಹತ್ತುತ್ತಿತ್ತು.

ಸಾಬರು ನಿಂತು ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು.

"ಯಾ ಅಲ್ಲಾ," ಎಂದರು. "ಗೇರು ಕೆಲಸಾನೇ ಮಾಡ್ತಿಲ್ಲ ಅಲ್ವೇನೆ ಇಳಿಜಾರಲ್ಲಿ? ಬಾ, ಸ್ಕೂಟರ್ ಹತ್ತು."

ಬೆಟ್ಟದ ಬುಡದಲ್ಲಿ ಕಂಪನಿಯವರ ಕಲಿಕೆ ಕೇಂದ್ರವಿತ್ತು. ಮೂರು ವರ್ಷದಿಂದ ಇಲ್ಲಿನ ಬಾಡಿಗೆ ಬಂಡಿಗಳಿಗೆಲ್ಲ ಗೇರ್ ಮಿದುಳು ಕಡ್ಡಾಯ. ಬೆಲ್ಲದ ಅಚ್ಚಿನಷ್ಟು ದೊಡ್ಡ ಪೆಟ್ಟಿಗೆ, ಅದು ಡ್ರೈವರ್ ಓಡಿಸುವುದನ್ನು ನೋಡುತ್ತ ನೋಡುತ್ತ ಯಾವಾಗ ಯಾವ ಗೇರು ಹಾಕಬೇಕೆಂದು ತಾನೇ ಕಲಿಯುತ್ತದೆ. ಕಲಿತದ್ದನ್ನು ದಿನಕ್ಕೊಮ್ಮೆ ಈ ಕೇಂದ್ರಕ್ಕೆ ಒಪ್ಪಿಸುತ್ತದೆ. ಕೇಂದ್ರ ಎಲ್ಲರ ಪಾಠ ಸೇರಿಸಿ ಎಲ್ಲರಿಗೂ ಹಂಚುತ್ತದೆ. ಒಂದು ಬಂಡಿ ಇವತ್ತು ಕಂಡುಕೊಂಡದ್ದನ್ನು ನಾಳೆ ನೂರೂ ಬಲ್ಲವು.

ಒಳಗೆ ಎಂಜಿನಿಯರ್ ಉಜ್ವಲಾ ಒಬ್ಬಳೇ ಇದ್ದಳು. ಮೈಸೂರಿನ ಹುಡುಗಿ, ಮಣ್ಣಿಗಿಂತ ಎರಡು ಮೂರು ವರ್ಷ ದೊಡ್ಡವಳಿದ್ದಾಳು. ಗೋಡೆಯ ತುಂಬ ಬೆಟ್ಟದ ರಸ್ತೆಯ ನಕ್ಷೆ, ಅದರ ಮೇಲೆ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿ ಒಂದೊಂದು ಬಂಡಿ. ಸಾಬರು ಹೇಳಿದ್ದನ್ನೆಲ್ಲ ಅವಳು ವಿನಯದಿಂದ ಕೇಳಿದಳು.

"ನೋಡಿ ಸಾಬ್ರೆ, ದೋಷ ಇದ್ರೆ ಕೆಂಪಾಗತ್ತೆ. ನೂರಾ ನಲವತ್ತು ಬಂಡಿ, ಎಲ್ಲಾ ಹಸಿರು."

"ನಿಮ್ ಯಂತ್ರಕ್ಕೆ ದೋಷ ಅಂತ ಹೆಂಗ್ ಗೊತ್ತಾಗ್ತದಮ್ಮ?"

"ಹೋಲಿಸಿ ನೋಡತ್ತೆ. ಒಂದು ಗೇರು ಉಳಿದ ಗೇರುಗಳ ಹಾಗೆ ನಡ್ಕೊಳ್ಳದಿದ್ರೆ ಅದು ದೋಷ."

ಮಣ್ಣಿ ಸಾಬರ ಬೆನ್ನ ಹಿಂದಿನಿಂದ, ನೆಲ ನೋಡುತ್ತ ಕೇಳಿದಳು: "ಎಲ್ಲಾವೂ ಒಂದೇ ತರ ಕೆಟ್ಟಿದ್ರೆ?"

ಉಜ್ವಲಾ ಕುರ್ಚಿ ಎಳೆದುಕೊಂಡು, ಕೀಲಿಮಣೆಯ ಮೇಲೆ ಬೆರಳಾಡಿಸಿ, ಆ ಹೊತ್ತಿಗೆ ಬೆಟ್ಟ ಇಳಿಯುತ್ತಿದ್ದ ಯಾವುದೋ ಒಂದು ಬಂಡಿಯ ಒಳಗನ್ನು ಪರದೆಗೆ ತಂದಳು. ಎರಡು ಗೆರೆಗಳು. ಚಕ್ರದ ಗೆರೆ ಏರುತ್ತಿತ್ತು, ಇಂಜಿನ್ನಿನ ಗೆರೆ ನೆಲಕ್ಕೆ ಅಂಟಿತ್ತು.

"ಇದು ನ್ಯೂಟ್ರಲ್," ಎಂದಳು ಮೆಲ್ಲಗೆ. "ಕೋಲು ಡಿಯಲ್ಲಿದೆ, ಒಳಗೆ ನ್ಯೂಟ್ರಲ್, ಯಾವ ಗೇರೂ ಹಿಡಿದಿಲ್ಲ. ಫಲಕ ತೋರಿಸೋದು ಕೋಲು ಎಲ್ಲಿದೆ ಅನ್ನೋದನ್ನ ಮಾತ್ರ." ಇನ್ನೊಂದು ಬಂಡಿ ತೆರೆದಳು. ಅದೇ. ಮತ್ತೊಂದು. ಅದೇ. "ಇದನ್ನ ಯಾರು ಕಲಿಸಿದ್ರು ಇದಕ್ಕೆ? ನಾವಂತೂ ಕಲಿಸಿಲ್ಲ."

ಅವಳು ಪಾಠದ ಬೇರು ಹುಡುಕುತ್ತ ಹಿಂದೆ ಹಿಂದೆ ಹೋದಳು. ಮೊದಲ ವರ್ಷಕ್ಕೆ ಹೋದಳು. ಅಲ್ಲಿ, ಆಯುಧಪೂಜೆಯ ಹಿಂದಿನ ಎರಡು ತಿಂಗಳಲ್ಲಿ, ಬಂಡಿಯ ಮೇಲೆ ಬಂಡಿ, ಡ್ರೈವರ್‌ಗಳೇ ಕೈಯಾರೆ ಕೋಲನ್ನು ನ್ಯೂಟ್ರಲಿಗೆ ಜಾರಿಸಿ ಬೆಟ್ಟ ಇಳಿದಿದ್ದರು.

ಇನಾಯತ್ ಸಾಬರು ಹತ್ತಿರವಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಕುಕ್ಕರ್," ಎಂದರು.

"ಏನು?"

"ಎಣ್ಣೆ ಉಳಿಸಿದೋರಿಗೆ ಕುಕ್ಕರ್ ಬಹುಮಾನ. ಸಂಘಕ್ಕೆ ಅಧ್ಯಕ್ಷ ನಾನೇ, ಇಟ್ಟೋನೂ ನಾನೇ. ಬೆಟ್ಟ ಇಳಿಯೋಕೆ ಎಣ್ಣೆ ಯಾಕೆ ಅಂತ ಎಲ್ಲಾರೂ ನ್ಯೂಟ್ರಲ್ ಹಾಕ್ಕೊಂಡು ಬರೋರು. ನಮಗೆ ಗೊತ್ತಿರಲಿಲ್ವಾ? ಗೊತ್ತಿತ್ತು, ನಗ್ತಿದ್ವಿ. ಆದ್ರೆ ಅವರು ತಿರುವು ಬಂದ್ರೆ ಮತ್ತೆ ಗೇರಿಗೆ ಹಾಕ್ಕೊಳ್ಳೋರಮ್ಮ! ಸಾಯೋಕೆ ಯಾರಿಗೆ ಇಷ್ಟ?"

"ಮತ್ತೆ ಗೇರಿಗೆ ಹಾಕಿದಾಗ ಬಂಡಿ ಜಗ್ಗತ್ತೆ," ಎಂದಳು ಉಜ್ವಲಾ. "ಎಣ್ಣೆ ಉಳಿದ್ರೆ ಮಿದುಳಿಗೆ ಅಂಕ ಜಾಸ್ತಿ. ಬಂಡಿ ಜಗ್ಗಿದ್ರೆ ಅಂಕ ಕಡಿಮೆ. ಅದಕ್ಕೇ ಪಾಠದ ಮೊದಲರ್ಧ ಇಟ್ಕೊಂಡು ಉಳಿದರ್ಧ ಬಿಟ್ಟಿದೆ. ಇಷ್ಟು ದಿನ ಗೇರನ್ನ ಒಂದೊಂದೇ ಗಳಿಗೆ ಬಿಡ್ತಿತ್ತು. ಹೋದ ವಾರದಿಂದ ಪೂರ್ತಿ ಬಿಡ್ತಿದೆ."

"ಎರಡಕ್ಕೆ ಹಾಕಿದ್ರೂ ಬೀಳಕಿಲ್ಲ," ಎಂದಳು ಮಣ್ಣಿ.

"ನಲವತ್ತು ದಾಟಿದ್ರೆ ಬೀಳಲ್ಲ. ಆ ವೇಗದಲ್ಲಿ ಸಣ್ಣ ಗೇರು ಹಾಕಿದ್ರೆ ಹಲ್ಲು ಮುರಿಯತ್ತೆ. ಪೆಟ್ಟಿಗೆ ಮುರೀಬಾರದು ಅನ್ನೋದು ನಾವು ಅದಕ್ಕೆ ಮೊಟ್ಟಮೊದಲು ಹೇಳ್ಕೊಟ್ಟಿದ್ದು."

ಆಗ ಮಣ್ಣಿ ಮುಂದೆ ಬಂದಳು. ಗೋಡೆಯ ನಕ್ಷೆಯ ತುದಿಯಲ್ಲಿ, ಬೆಟ್ಟದ ಮೇಲಿನ ನಿಲ್ದಾಣದಲ್ಲಿ ಗುಂಪಾಗಿದ್ದ ಚುಕ್ಕಿಗಳಲ್ಲಿ ಅಕ್ಕನ ವ್ಯಾನಿನ ನಂಬರು ಹುಡುಕಿದಳು. ಇತ್ತು. ಅಲುಗುತ್ತಿರಲಿಲ್ಲ.

"ಅದರ ಪ್ಯಾಡು ಸವೆದದೆ," ಎಂದಳು. "ಪೂರಾ ಸವೆದದೆ. ನಾನೇ ವಾಪಸ್ ಹಾಕಿದ್ದು. ಹೇಳ್ಬೇಕಾಗಿತ್ತು, ಹೇಳ್ನಿಲ್ಲ."

ಸಾಬರು ಆಗಲೇ ಫೋನು ಒತ್ತುತ್ತಿದ್ದರು. ಅಮಾವಾಸ್ಯೆಯ ದಿನ ಅಷ್ಟು ಜನರ ನಡುವೆ ಬೆಟ್ಟದ ಮೇಲೆ ಫೋನು ಯಾರಿಗೂ ಸಿಗುವುದಿಲ್ಲ. ಅವರಿಗೂ ಸಿಗಲಿಲ್ಲ.

"ಹಳೇ ಪಾಠ ವಾಪಸ್ ಕಳಿಸಿ," ಎಂದರು ಉಜ್ವಲಾಗೆ.

"ಕಳಿಸ್ಬಹುದು, ಎರಡು ನಿಮಿಷದ ಕೆಲಸ. ಆದ್ರೆ ಬಂಡಿ ನಿಂತು ಇಂಜಿನ್ ಆರಿದ್ರೆ ಮಾತ್ರ ಅದು ತಗೊಳ್ಳೋದು. ಮೇಲಿನವರ ಒಪ್ಪಿಗೆನೂ ಬೇಕು." ಅವಳು ಆಫೀಸಿನ ಫೋನೆತ್ತಿ ಯಾರನ್ನೋ ಕೇಳಿದಳು. ಆ ಕಡೆಯವರು ಇನ್ನೊಬ್ಬರನ್ನು ಕೇಳಿ ಹೇಳುತ್ತೇವೆಂದರು. ಅವಳು ಫೋನು ಕಿವಿಗಿಟ್ಟುಕೊಂಡೇ ಕಾದಳು. "ಹೌದು ಸಾರ್. ಇಲ್ಲ ಸಾರ್, ಹಸಿರೇ ಇದೆ ಸಾರ್. ಆದ್ರೂ..."

ಮಣ್ಣಿ ಚುಕ್ಕಿಯನ್ನೇ ನೋಡುತ್ತಿದ್ದಳು. ಅದು ಒಮ್ಮೆ ನಡುಗಿತು. ಗುಂಪಿನಿಂದ ಬಿಡಿಸಿಕೊಂಡು ರಸ್ತೆಗೆ ಬಂತು.

"ಹೊಂಟ್ಬುಟ್ಳು," ಎಂದಳು.

ಉಜ್ವಲಾ ಫೋನು ಮೇಜಿನ ಮೇಲಿಟ್ಟಳು. ಅದರೊಳಗೆ ಯಾರೋ ಇನ್ನೂ ಮಾತಾಡುತ್ತಿದ್ದರು. ಬೆಟ್ಟದ ಮೇಲಿನ ಗೇಟಿನವನಿಗೆ ವೈರ್‌ಲೆಸ್ಸಿನಲ್ಲಿ ಹೇಳಿ ಗೇಟು ಹಾಕಿಸಿದಳು. ಅಷ್ಟರೊಳಗೆ ಗೇಟು ದಾಟಿದ್ದ ಬಂಡಿಗಳು ಏಳು. ಅವಕ್ಕೆ ಒಳಗಿನ ಸ್ಪೀಕರುಗಳ ಮೂಲಕ ತಾನೇ ಹೇಳಿದಳು. ಮಾತು ಪುಸ್ತಕದ್ದಾಗಿತ್ತು: ವಾಹನವನ್ನು ಕೂಡಲೇ ನಿಲ್ಲಿಸಿ, ಇಂಜಿನ್ ಆರಿಸಿ. ಒಂದು ಚುಕ್ಕಿ ನಿಂತಿತು. "ಯಾಕಮ್ಮೋ, ಹಬ್ಬದ ದಿನಾನೂ ಕಿರಿಕಿರಿ?" ಎಂದ ಅದರ ಡ್ರೈವರ್. ಇನ್ನೊಂದು ನಿಂತಿತು. ಮತ್ತೆರಡು. ಹಾಗೆ ಆರು ಬಂಡಿ, ಆರೂ ರಸ್ತೆಯ ಬದಿಗೆ ಸರಿದು ನಿಂತವು.

ಏಳನೆಯದು, ಸಾಕಮ್ಮನ ವ್ಯಾನು, ಮೊದಲನೇ ತಿರುವು ದಾಟಿತು.

"ನೀವು ಮಾತಾಡಿ," ಎಂದಳು ಉಜ್ವಲಾ. ಮೈಕನ್ನು ಮಣ್ಣಿಯ ಮುಂದೆ ತಳ್ಳಿದಳು. "ನಿಮ್ಮ ದನಿ ಆದ್ರೆ ಗುರುತು ಹಿಡೀತಾರೆ. ಈ ಗುಂಡಿ ಒತ್ತಿ ಹಿಡ್ಕೊಳ್ಳಿ. ಬಿಟ್ರೆ ಅವರ ಕಡೆಯದ್ದು ನಮಗೆ ಕೇಳತ್ತೆ. ವೇಗ ಇನ್ನೂ ಮೂವತ್ತಮೂರು. ಈಗ ನಿಲ್ಲಿಸಿದ್ರೆ ನಿಲ್ಲತ್ತೆ, ನಲವತ್ತು ದಾಟಿದ್ರೆ ಆಗಲ್ಲ."

ಮಣ್ಣಿ ಮೈಕಿನ ಮುಂದೆ ನಿಂತಳು. ಗುಂಡಿ ಒತ್ತಿದಳು.

"ಅಕ್ಕಾ. ನಾನು ಕನೆ, ಮಣ್ಣಿ. ನಿಲ್ಸು."

ಗುಂಡಿ ಬಿಟ್ಟಳು. ವ್ಯಾನಿನ ಒಳಗು ಕೋಣೆಯೊಳಕ್ಕೆ ನುಗ್ಗಿ ಬಂತು. ಹತ್ತು ಹನ್ನೆರಡು ಗಂಟಲುಗಳು ಒಟ್ಟಿಗೆ "ಉಘೇ! ಉಘೇ ಮಾದಪ್ಪ!" ಎನ್ನುತ್ತಿದ್ದವು. ಜಾಗಟೆ ಬಡಿಯುತ್ತಿತ್ತು. ಯಾವುದೋ ಕೂಸು ಕೇಕೆ ಹಾಕಿ ನಗುತ್ತಿತ್ತು. ಅಕ್ಕನ ದನಿಯೂ ಅದರಲ್ಲಿತ್ತೋ ಏನೋ, ಬಿಡಿಸಿ ಹೇಳುವ ಹಾಗಿರಲಿಲ್ಲ.

"ಮೂವತ್ತಾರು," ಎಂದಳು ಉಜ್ವಲಾ.

"ಇನ್ನೂ ಗಟ್ಟಿಯಾಗಿ ಮಗಾ," ಎಂದರು ಸಾಬರು. ಅವರ ಕೈ ಸ್ಟೂಲಿನ ಅಂಚನ್ನು ಹಿಡಿದಿತ್ತು. "ಕೂಗು!"

ಅವಳು ಕೂಗಿದಳು. ಹುಟ್ಟಿದಾಗಿನಿಂದ ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ಗುಂಡಿ ಬಿಟ್ಟು, ಕಣ್ಣು ಮುಚ್ಚಿ, ಜಾಗಟೆಯ ಆಚೆ, ಉಘೇ ಎನ್ನುವ ದನಿಗಳ ಆಚೆ, ವ್ಯಾನಿನ ನೆಲದ ಕೆಳಗೆ ಏನಿದೆಯೆಂದು ಕೇಳಿದಳು. ಇಂಜಿನ್ ಮೆಲ್ಲಗೆ, ತೂಕಡಿಸುವ ಹಾಗೆ ಪುಟುಗುಟ್ಟುತ್ತಿತ್ತು. ಅದರ ಜೊತೆ ಇರಬೇಕಾದ ಗುಂಯ್‌ಗುಡುವಿಕೆ ಇರಲಿಲ್ಲ.

"ಮೂವತ್ತೊಂಬತ್ತು."

ಚುಕ್ಕಿ ಇನ್ನೂ ಹಸಿರಾಗಿಯೇ ಇತ್ತು. ಎರಡನೇ ತಿರುವಿನಲ್ಲಿ ಬಳುಕಿ, ನಯವಾಗಿ ಇಳಿಯಿತು.

ಮಣ್ಣಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರಕ್ಕೆ ಎಳೆದುಕೊಂಡು, ಗುಂಡಿ ಒತ್ತಿದಳು.

"ಅಕ್ಕಾ, ಬಂಡಿ ನಿಲ್ಸು."